ನಾನು ಕೇದಾರಕಂಠ ಹತ್ತಿದ ವರ್ಷ

ಈ ಸಲ ಮುಂಗಾರು ಶುರುವಾದ ವಾರ ಸಿಂಧನೂರಿನ ನಿಲ್ದಾಣದಲ್ಲಿ ರೈತನೊಬ್ಬ ಹೊಸ ತಾಡಪತ್ರಿಯ ಸುರುಳಿಯನ್ನು ನನ್ನ ಬಸ್ಸಿಗೆ ಹೇರಿದ. ಭತ್ತದ ರಾಶಿಗೆ ಹೊದಿಸಲು ನಮ್ಮ ಕಡೆ ಎಲ್ಲರೂ ಒಯ್ಯುವ ನೀಲಿ ತಾಡಪತ್ರಿ. ಮಳೆ ಹನಿಯುತ್ತಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಬಸ್ಸು ಊರು ದಾಟುವಷ್ಟರಲ್ಲಿ ಅದರ ಪ್ಲಾಸ್ಟಿಕ್ ವಾಸನೆ ಒಳಗೆಲ್ಲ ತುಂಬಿತು. ಜನ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಲಗೇಜ್ ಟಿಕೆಟ್ ಹರಿದುಕೊಟ್ಟ ಮೇಲೂ ಆ ಸುರುಳಿಯ ಪಕ್ಕದಲ್ಲೇ ನಿಂತೆ. ಮೂರು ವರ್ಷದ ಹಿಂದೆ ಲಿಂಗಸುಗೂರಿನ ಒಂದು ಟೇಲರ್ ಅಂಗಡಿಯ ನೆಲದ ಮೇಲೆ ಇಂಥದ್ದೇ ತಾಡಪತ್ರಿ ಹಾಸಿತ್ತು. ಗೆಳತಿ ಶಾಹೀನ ಮೊಣಕಾಲೂರಿ ಅದನ್ನು ಕತ್ತರಿಸುತ್ತಿದ್ದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನನ್ನನ್ನು ಬೈಯುತ್ತಿದ್ದಳು.

ನಾನು ಸಿಂಧನೂರು–ಲಿಂಗಸುಗೂರು ಮಾರ್ಗದ ಬಸ್ ಕಂಡಕ್ಟರ್. ಹೆಸರು ಹುಲಿಗೆಮ್ಮ. ಆ ವರ್ಷ ನನ್ನ ವಯಸ್ಸು ಮೂವತ್ತೊಂಬತ್ತು, ತೂಕ ನೂರಾ ನಾಲ್ಕು ಕೆ.ಜಿ. ತೂಕವನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗೂ ಎಲ್ಲರೂ ಕೇಳುವುದು ಅದನ್ನೇ.

ತುಂಬಿದ ಬಸ್ಸಿನಲ್ಲಿ ಸೀಟುಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ದಿನಕ್ಕೆ ಹತ್ತಾರು ಸಲ ಹಿಂದೆ ಮುಂದೆ ಓಡಾಡುವ ದಪ್ಪ ಹೆಂಗಸಿಗೆ ಏನೇನು ಮಾತು ಕೇಳಬೇಕಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಕಲಿತಿದ್ದ ಉಪಾಯ ಒಂದೇ: ಅವರಿಗಿಂತ ಮೊದಲು ನಾನೇ ನಗುವುದು. ‘ಸ್ವಲ್ಪ ಸರೀರಿ, ಲಾರಿ ಬರಾಕತ್ತೈತಿ’ ಎಂದು ನಾನೇ ಕೂಗುತ್ತಿದ್ದೆ. ಬಸ್ಸು ನಗುತ್ತಿತ್ತು. ನಗಿಸಿದವಳು ನಾನು, ಆದ್ದರಿಂದ ನನಗೆ ನೋವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ವರ್ಷದ ಮೇ ತಿಂಗಳಲ್ಲಿ ಒಂದು ದಿನ ಸಂತೆಕೆಲ್ಲೂರು ದಾಟಿದ ಮೇಲೆ ಸಿಗುವ ಏರಿನಲ್ಲಿ ಬಸ್ಸು ಕಾದು ನಿಂತಿತು. ಡ್ರೈವರ್ ಹುಸೇನಪ್ಪ ಇಂಜಿನ್ನಿಗೆ ನೀರು ಹೊಯ್ಯುತ್ತಿದ್ದ. ಜನ ಬೇವಿನ ಮರದ ನೆರಳಿಗೆ ಸರಿದರು. ಬಿಳಿ ಅಂಗಿಯ ಒಬ್ಬ ಗೃಹಸ್ಥ ಎಲ್ಲರಿಗೂ ಕೇಳಿಸುವಂತೆ, "ನೀರು ಯಾಕ ಹಾಕತೀರಿ? ಕಂಡಕ್ಟರಮ್ಮನ್ನ ಇಲ್ಲೇ ಬಿಡ್ರಿ, ಬಸ್ ತಾನ ಏರತೈತಿ" ಎಂದ. ಮರದ ಕೆಳಗೆ ನಗೆ ಎದ್ದಿತು. ನಾನೂ ನಕ್ಕೆ.

ನಗದೆ ಇದ್ದವರು ಇಬ್ಬರು. ಒಬ್ಬಳು ಶಾಹೀನ. ಮಸ್ಕಿಯವಳು, ಲಿಂಗಸುಗೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು, ದಿನವೂ ನನ್ನ ಬೆಳಗಿನ ಬಸ್ಸಿಗೇ ಮಸ್ಕಿಯಲ್ಲಿ ಹತ್ತುವವಳು. ಇನ್ನೊಬ್ಬಳು ಮಿನತಿ. ಸಿಂಧನೂರು ಹತ್ತಿರ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ, ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ರೈವರನ ಹಿಂದಿನ ಸೀಟು ಅವರಿಬ್ಬರಿಗೆ ಕಾಯಂ. ಟಿಕೆಟ್ ಹರಿದು ಮುಗಿದ ಮೇಲೆ ನಾನೂ ಅವರ ಹತ್ತಿರ ನಿಂತು ಹರಟುತ್ತಿದ್ದೆ. ಸ್ನೇಹ ಬೆಳೆದದ್ದು ಹಾಗೆ.

ಶಾಹೀನ ನನ್ನ ತೋಳು ಹಿಡಿದು ಮರದ ಆಚೆ ಕರೆದೊಯ್ದಳು.

"ಅಕ್ಕಾ, ನೀವ್ಯಾಕ ನಕ್ರಿ?"

"ಮತ್ತೇನ ಮಾಡ್ಲಿ, ಅಳ್ಲೇನು?"

"ಅಳಬ್ಯಾಡ್ರಿ. ನಗಬ್ಯಾಡ್ರಿ. ನೀವು ನಕ್ರ ಅವ್ರಿಗೆ ಪರ್ಮಿಟ್ ಕೊಟ್ಟಂಗ ಆಕೈತಿ."

ಅವಳು ನನಗಿಂತ ಎಂಟು ವರ್ಷ ಸಣ್ಣವಳು. ಆ ಮಾತು ನನಗೆ ಹಿಡಿಸಲಿಲ್ಲ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೇ ದಿನ ಯಾರೋ ಮತ್ತೆ ಏನೋ ಅಂದರು. ಅಭ್ಯಾಸದಿಂದ ಬಾಯಿ ತೆರೆಯಿತು, ನಗೆ ಬರಲಿಲ್ಲ. ಅಂದವನ ಮುಖವನ್ನೇ ನೋಡುತ್ತ ನಿಂತೆ. ಅವನು ಕಿಟಕಿಯ ಕಡೆ ತಿರುಗಿದ.

ಪರ್ವತದ ಮಾತು ತೆಗೆದವಳು ಮಿನತಿ. ಹಿಮಾಲಯ ನೋಡಬೇಕೆಂದು ಅವಳ ಅಪ್ಪ ಮೊದಲಿನಿಂದಲೂ ಹೇಳುತ್ತಿದ್ದನಂತೆ. ಕ್ಯಾಂಪಿನ ಭತ್ತದ ಗದ್ದೆ ಬಿಟ್ಟು ರಾಯಚೂರಿನಾಚೆ ಹೋಗಲು ಅವನಿಗೆ ಆಗಲೇ ಇಲ್ಲ. "ಅಪ್ಪಗ ಈಗ ಮೊಣಕಾಲ ಬಿದ್ದಾವ, ದೀದಿ. ನಾನಾದ್ರೂ ಹೋಗಿ ಬರತೀನಿ," ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಉತ್ತರಾಖಂಡದ ಕೇದಾರಕಂಠ. ಹನ್ನೆರಡೂವರೆ ಸಾವಿರ ಅಡಿ. ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆದು ಹತ್ತಬೇಕು, ದಾರಿಯಲ್ಲಿ ಡೇರೆಗಳಲ್ಲಿ ಉಳಿಯಬೇಕು. ಜೊತೆಗೆ ಬರಬೇಕಿದ್ದ ಅವಳ ಚಿಕ್ಕಪ್ಪನ ಮಗಳು ಹಿಂದೆ ಸರಿದಿದ್ದಳು.

"ನೀವು ಬರ್ತೀರೇನು?" ಎಂದು ಮಿನತಿ ನಮ್ಮಿಬ್ಬರನ್ನೂ ಕೇಳಿದಳು.

"ನನ್ನ ಹೊತ್ತು ಒಯ್ಯಾಕ ಆನಿ ಬೇಕಾಕೈತಿ," ಎಂದೆ ನಾನು. ಶಾಹೀನ ಕಣ್ಣು ಕೆಕ್ಕರಿಸಿ ನೋಡಿದಳು. ಕರಡಕಲ್ ಬಂತು, ಇಳಿಯುವವರನ್ನು ಇಳಿಸಿ ರೈಟ್ ಹೇಳಿದೆ. ಆಮೇಲೆ, "ಬರತೀನಿ" ಎಂದೆ. ಶಾಹೀನ ಏನೂ ಆಗದವಳಂತೆ, "ಹಂಗಾದ್ರ ಮೂರು ಮಂದಿ," ಎಂದಳು.

ಅಲ್ಲಿಂದ ಎಲ್ಲ ಕಡೆ ತಡೆ. ಚಾರಣ ಏರ್ಪಡಿಸುವವರ ಫಾರ್ಮನ್ನು ಮಿನತಿ ಮೊಬೈಲಿನಲ್ಲೇ ತುಂಬಿದಳು. ಮರುದಿನ ಅವರ ಕಚೇರಿಯಿಂದ ನನಗೆ ಫೋನು. ತೂಕದ ಜಾಗದಲ್ಲಿ ಬೆರಳು ತಪ್ಪಿ ಬೇರೆ ಅಂಕಿ ಬಿದ್ದಿದೆಯೇ ಎಂದು ಅಲ್ಲಿಯ ಹುಡುಗಿ ಹಿಂದಿಯಲ್ಲಿ ಕೇಳಿದಳು. ನಾನು ತಡವರಿಸುತ್ತಿದ್ದಾಗ ಶಾಹೀನ ಫೋನು ಕಸಿದುಕೊಂಡು ತನ್ನ ದಖನಿ ಉರ್ದುವಿನಲ್ಲಿ, "ಗಲತ್ ನೈ ಜಿ, ಬರಾಬರ್ ಲಿಖೇ," ಎಂದಳು. ಹಾಗಾದರೆ ಡಾಕ್ಟರ ಸರ್ಟಿಫಿಕೇಟು ಬೇಕು ಎಂದರು.

ಸಿಂಧನೂರಿನ ವಯಸ್ಸಾದ ಡಾಕ್ಟರೊಬ್ಬರು ನನ್ನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದರು. ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು, ಬಿ.ಪಿ. ಎರಡು ಸಲ ನೋಡಿದರು. ಕೊನೆಗೆ ಕನ್ನಡಕ ತೆಗೆದು, "ಗಾಡಿ ದೊಡ್ಡದೈತಿ, ಇಂಜಿನ್ ಚಲೋ ಐತಿ. ಆದ್ರ ಇಂಜಿನ್ನಿಗೆ ರೂಢಿ ಇಲ್ಲ. ನಾಲ್ಕು ತಿಂಗಳು ರೂಢಿ ಮಾಡಿಸಿ ನನ್ನ ಹತ್ರ ಬಾ, ಆವಾಗ ಸಹಿ ಹಾಕತೀನಿ," ಎಂದರು. ಅವರು ನನ್ನ ಮೈಯ ಬಗ್ಗೆ ಆಡಿದ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ, ಕನಿಕರವೂ ಇರಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನಗೆ ಸುಮ್ಮನೆ ಕಣ್ಣು ತುಂಬಿತು.

ಮನೆಯಲ್ಲಿ ಗಂಡ ವೀರೇಶನಿಗೆ ಹೇಳಿದೆ. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿ ಅವನದು. ಜಗಳಗಂಟನಲ್ಲ. ಊಟದ ತಟ್ಟೆ ಸರಿಸಿ ಹೇಳಿದ: "ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅರ್ಧಕ್ಕ ಬಂದ್ರ ಊರ ಮಂದಿ ನನ್ನ ಮುಂದ ನಗ್ತಾರ."

"ನನ್ನ ಮುಂದ ದಿನಾ ನಗ್ತಾರ್ರಿ. ನಿಮಗ ಇವತ್ತ ಕೇಳಿಸ್ತೇನು?"

ಮದುವೆಯಾಗಿ ಹದಿನೇಳು ವರ್ಷ. ನನ್ನ ಬಸ್ಸಿನಲ್ಲಿ ಏನು ನಡೆಯುತ್ತದೆ ಎಂದು ನಾನು ಅವನಿಗೆ ಹೇಳಿದ್ದು ಅದೇ ಮೊದಲ ಸಲ.

ಡಿಪೋದಲ್ಲಿ ರಜೆಯ ಅರ್ಜಿ ಕೊಟ್ಟಾಗ ಮೇಲಿನ ಅಧಿಕಾರಿ ಓದಿ ತಲೆ ಎತ್ತಿದರು. "ಗುಡ್ಡ ಹತ್ತಾಕ ರಜಾ? ಹಿಂಗ ಬರದ್ರ ನಾ ಏನಂತ ಕೊಡ್ಲಮ್ಮ? ತೀರ್ಥಯಾತ್ರಾ ಅಂತ ಬರಿ, ಈಗ ಸಹಿ ಹಾಕತೀನಿ." ಅದು ಅವರ ಒಳ್ಳೆಯತನವೇ. ದೇವರ ಹೆಸರು ಹೇಳಿದರೆ ಹೆಂಗಸಿನ ಪ್ರಯಾಣಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಬಿಟ್ಟೂಬಿಡದೆ ಹನ್ನೊಂದು ದಸರೆಗೆ ವಿಶೇಷ ಬಸ್ಸಿನ ಡ್ಯೂಟಿ ಮಾಡಿದವಳು ನಾನು. "ಸುಳ್ಳು ಯಾಕ್ರಿ ಸರ್? ದಸರಾ ಮುಗಿಸೇ ಹೊಂಟೀನಿ. ಪರ್ವತ ಹತ್ತಾಕ ಅಂತನ ಇರಲಿ," ಎಂದೆ. ಅವರು ಇನ್ನೊಂದು ವಾರ ಅರ್ಜಿ ಇಟ್ಟುಕೊಂಡರು, ಆಮೇಲೆ ಸಹಿ ಹಾಕಿದರು.

ಜೂನ್ ತಿಂಗಳ ಒಂದು ರವಿವಾರ ಮಸ್ಕಿಯ ಬೆಟ್ಟದಲ್ಲಿ ರೂಢಿ ಶುರುವಾಯಿತು. ಮೇಲಿನ ಮಲ್ಲಿಕಾರ್ಜುನನ ಗುಡಿಗೆ ಹೋಗುವ ಮೆಟ್ಟಿಲುಗಳನ್ನು ನಾನು ದಿನವೂ ಬಸ್ಸಿನಿಂದ ನೋಡಿದವಳೇ ಹೊರತು ಮದುವೆಯಾದ ಮೇಲೆ ಹತ್ತಿದವಳಲ್ಲ. ಮೊದಲ ದಿನ ನಲವತ್ತು ಮೆಟ್ಟಿಲಿಗೆ ಕೂತೆ. ಎದೆ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಮಿನತಿ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಒಂದು ನಿಯಮ ಹೇಳಿದಳು: "ಮಾತಾಡ್ಕೋತ ನಡೀರಿ, ದೀದಿ. ಮಾತು ಕಡೀತಂದ್ರ ಕಾಲು ನಿಲ್ಲಿಸ್ರಿ. ಮಾತು ಬಂದ ಮ್ಯಾಲೆ ಮತ್ತ ನಡೀರಿ."

ಆದರೆ ಹತ್ತುತ್ತ ಏನು ಮಾತಾಡುವುದು? ನನ್ನ ಬಾಯಿಗೆ ತಾನಾಗಿ ಬಂದದ್ದು ನನ್ನ ಮಾರ್ಗದ ನಿಲ್ದಾಣಗಳು. ಮುದಬಾಳ ಕ್ರಾಸ್, ಸಂತೆಕೆಲ್ಲೂರು, ಕರಡಕಲ್, ಲಿಂಗಸುಗೂರು. ಮತ್ತೆ ಅಲ್ಲಿಂದ ಹಿಂದಕ್ಕೆ. ಕಂಡಕ್ಟರನ ದನಿಯಲ್ಲೇ ಕೂಗುತ್ತ ಹತ್ತುತ್ತಿದ್ದೆ. ಬೆಟ್ಟಕ್ಕೆ ಬಂದ ಕಾಲೇಜು ಹುಡುಗರು ಒಂದೆರಡು ವಾರ ವಿಡಿಯೋ ಮಾಡಿಕೊಂಡರು. ಆಮೇಲೆ ಬೇಸತ್ತರು. ಜುಲೈ ಮುಗಿಯುವ ಹೊತ್ತಿಗೆ ಎರಡು ಕಡೆ ಕೂತು ಗುಡಿ ಮುಟ್ಟಿದೆ. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಒಂದೇ ಕಡೆ. ಮಳೆ ನಿಂತ ಒಂದು ಸಂಜೆ ಎಲ್ಲೂ ಕೂರದೆ ಮೇಲೆ ಹೋಗಿ ನಿಂತಾಗ ಕೆಳಗೆ ತೊಗರಿ, ಸಜ್ಜೆಯ ಹೊಲಗಳು ತೊಳೆದಿಟ್ಟಂತೆ ಕಂಡವು. ರಸ್ತೆಯ ಮೇಲೆ ನಮ್ಮದೇ ಒಂದು ಬಸ್ಸು ಇರುವೆಯ ಹಾಗೆ ಲಿಂಗಸುಗೂರಿನ ಕಡೆ ಹೋಗುತ್ತಿತ್ತು.

ತೂಕ ಎಷ್ಟು ಇಳಿಯಿತು ಎಂದು ಬಸ್ಸಿನಲ್ಲಿ ಎಲ್ಲರೂ ಕೇಳತೊಡಗಿದರು. ಇಳಿಯಲಿಲ್ಲ. ಎರಡು ಕೆ.ಜಿ. ಹೆಚ್ಚೇ ಆಗಿತ್ತು. ಕೇಳಿದವರಿಗೆ ನಿಜ ಹೇಳಿದೆ. ಯಾರೂ ನಂಬಲಿಲ್ಲ, ಕೆಲವರಿಗೆ ಸಿಟ್ಟೂ ಬಂತು.

ಸೆಪ್ಟೆಂಬರಿನಲ್ಲಿ ಸಾಮಾನಿನ ಕೆಲಸ. ನನ್ನ ಅಳತೆಯ ಜಾಕೀಟು ಎಲ್ಲೂ ಸಿಗಲಿಲ್ಲ. ಬೆನ್ನಚೀಲದ ಸೊಂಟಪಟ್ಟಿ ನನ್ನ ಸೊಂಟವನ್ನು ಸುತ್ತಲಿಲ್ಲ. ಶಾಹೀನ ಎರಡು ಗಂಡಸರ ಜಾಕೀಟು ಬಿಚ್ಚಿ ಒಂದು ಮಾಡಿದಳು. ಹಳೇ ಶಾಲಾಚೀಲದ ಪಟ್ಟಿ ಕೂಡಿಸಿ ಸೊಂಟಪಟ್ಟಿಯನ್ನು ಉದ್ದ ಮಾಡಿದಳು. ಮೂವರ ಚೀಲಗಳಿಗೂ ತಾಡಪತ್ರಿಯ ಹೊದಿಕೆ ಹೊಲಿದಳು. ಅಳತೆ ತೆಗೆಯುವಾಗ ನಾನು ಹೊಟ್ಟೆ ಒಳಗೆ ಎಳೆದುಕೊಂಡರೆ ಟೇಪಿನಿಂದಲೇ ಹೊಡೆಯುತ್ತಿದ್ದಳು: "ಬಿಡ್ರಿ ಉಸುರು. ಚೀಲ ಹೊತ್ಕೊಂಡು ಉಸುರು ಹಿಡ್ಕೊಂಡ ನಡೀತೀರೇನು?" ಅವಳ ಅತ್ತೆ ಬಾಗಿಲಲ್ಲಿ ಕೂತು ಗುಂಡಿ ಹಚ್ಚಿಕೊಡುತ್ತಿದ್ದಳು. "ಜಾವ್ ಮಾ, ತುಮೇ ತೋ ದೇಖೋ. ಮೈ ಹೈದ್ರಾಬಾದ್ ಭೀ ನೈ ದೇಖಿ," ಎಂದು, ತಾನು ಹೈದರಾಬಾದನ್ನೂ ಕಾಣದವಳು ನಮ್ಮನ್ನು ಹುರಿದುಂಬಿಸುತ್ತಿದ್ದಳು. ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ ಸಹಿ ಹಾಕಿದರು.

ದಸರೆ ಮುಗಿದ ಮೇಲೆ ರಾಯಚೂರಿನಲ್ಲಿ ದಿಲ್ಲಿಯ ರೈಲು ಹತ್ತಿದೆವು. ವೀರೇಶ ಸ್ಟೇಷನ್ನಿಗೆ ಬಂದಿದ್ದ. ಗೋಣಿಯಷ್ಟು ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿ ತಂದಿದ್ದ. ಗಾಡಿ ಹೊರಟಾಗ ಕೈ ಬೀಸಲಿಲ್ಲ. ಕಿಟಕಿಯ ಜೊತೆಗೇ ಸ್ವಲ್ಪ ದೂರ ನಡೆದು ನಿಂತುಕೊಂಡ.

ಡೆಹ್ರಾಡೂನಿನಿಂದ ಸಾಂಕ್ರಿ ಎಂಬ ಹಳ್ಳಿಗೆ ಇಡೀ ದಿನದ ಬಸ್ಸು. ದಾರಿಯೆಲ್ಲ ತಿರುವು, ಪಕ್ಕದಲ್ಲಿ ಪ್ರಪಾತ, ಕೆಳಗೆ ನದಿ. ಮಿನತಿ ವಾಂತಿ ಮಾಡಿಕೊಂಡು ಸುಸ್ತಾದಳು. ನಮ್ಮ ಗುಂಪಿನ ಪುಣೆ, ದಿಲ್ಲಿಯ ಹುಡುಗರೂ ಒಬ್ಬರ ನಂತರ ಒಬ್ಬರು ಕಿಟಕಿಗೆ ತಲೆ ಹಾಕಿದರು. ನಾನು ಡ್ರೈವರನ ಪಕ್ಕ ನಿಂತು ಅವನು ಗೇರು ಬದಲಿಸುವ ಚಂದ ನೋಡುತ್ತಿದ್ದೆ. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತು ಹನ್ನೊಂದು ವರ್ಷ ಚಿಲ್ಲರೆ ಎಣಿಸಿದ ಕಾಲುಗಳಿವು. ಇವು ಏನನ್ನೋ ಕಲಿತಿವೆ ಎಂದು ನನಗೆ ಮೊದಲ ಸಲ ಅನಿಸಿದ್ದು ಅಲ್ಲಿ.

ಹದಿನಾಲ್ಕು ಮಂದಿಯ ಗುಂಪಿಗೆ ರೋಹನ್ ಎಂಬ ಮೂವತ್ತರ ಆಸುಪಾಸಿನ ಯುವಕ ನಾಯಕ. ಮರುದಿನ ಬೆಳಿಗ್ಗೆ ಎಲ್ಲರೂ ಚೀಲ ಹೊರುವಾಗ ಅವನು ನನ್ನ ಹತ್ತಿರ ಬಂದು ಬಹಳ ನಯವಾಗಿ, ‘ಆಂಟಿಜೀ, ನಿಮ್ಮ ಚೀಲ ಹೇಸರಗತ್ತೆಯ ಮೇಲೆ ಹಾಕಿಬಿಡಿ’ ಎಂದ. ಉಳಿದ ಯಾರಿಗೂ ಹಾಗೆ ಹೇಳಿರಲಿಲ್ಲ. ನಮ್ಮ ಹೊರೆ ನಾವೇ ಹೊರುತ್ತೇವೆ ಎಂದು ಉತ್ತರ ಕೊಟ್ಟವಳು ಶಾಹೀನ: "ಖಚ್ಚರ್ ನಕ್ಕೋ ಜಿ. ಹಮಾರಾ ಬೋಝಾ ಹಮೀಚ್ ಉಠಾತೇ."

ಬೇಡ ಎನ್ನಲು ಅವಳು ಆಡಿದ ದಖನಿಯ ‘ನಕ್ಕೋ’ ಕೇಳಿ ದಿಲ್ಲಿಯವರು ಬಿದ್ದು ಬಿದ್ದು ನಕ್ಕರು. ಶಾಹೀನ ನಗಲಿಲ್ಲ. ನನ್ನ ಸೊಂಟಪಟ್ಟಿಯನ್ನು ಬಿಗಿ ಮಾಡಿ ಬೆನ್ನು ತಟ್ಟಿದಳು.

ಪೈನ್ ಮರಗಳ ಕಾಡಿನಲ್ಲಿ ಏರು ಶುರುವಾಯಿತು. ಹುಡುಗರು ಹಾಡುತ್ತ ಮುಂದೆ ಓಡಿದರು. ನಾನು ಎಲ್ಲರ ಹಿಂದೆ, ಬಾಯಲ್ಲಿ ಮುದಬಾಳ ಕ್ರಾಸ್, ಸಂತೆಕೆಲ್ಲೂರು. ಮಾತು ಕಡಿದಾಗ ನಿಂತೆ, ಬಂದಾಗ ನಡೆದೆ. ನನ್ನ ಹಿಂದೆ ಬಲಬೀರ ಎಂಬ ಸ್ಥಳೀಯ ಸಹಾಯಕ ಇದ್ದ. ಐವತ್ತು ದಾಟಿದವನು, ಮಾತು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಅವನು, ‘ನೀವು ಮಂತ್ರ ಹೇಳುತ್ತಿದ್ದೀರಾ?’ ಎಂದು ಕೇಳಿದ. ನನ್ನ ಬಸ್ಸಿನ ನಿಲ್ದಾಣಗಳು ಎಂದು ತಿಳಿದ ಮೇಲೆ ಅವನೂ ಕಲಿತುಬಿಟ್ಟ. ಮರುದಿನ ನಾನು ಒಂದು ಹೆಸರು ಬಿಟ್ಟರೆ ಹಿಂದಿನಿಂದ ತಿದ್ದುತ್ತಿದ್ದ. ಎರಡನೇ ಸಂಜೆ ಹುಲ್ಲುಗಾವಲಿನ ಮೇಲಿನ ಡೇರೆಗಳನ್ನು ತಲುಪಿದಾಗ ಎಲ್ಲರಿಗಿಂತ ಒಂದೂವರೆ ಗಂಟೆ ತಡವಾಗಿತ್ತು. ಓಡಿ ಬಂದಿದ್ದ ಇಬ್ಬರು ಹುಡುಗರು ತಲೆ ಹಿಡಿದುಕೊಂಡು ಮಲಗಿದ್ದರು. ನಾನು ಕೂತು ರೊಟ್ಟಿ ತಿಂದೆ.

ಆ ಸಂಜೆ ಸೂಪು ಕುಡಿಯುವಾಗ ರೋಹನ್ ಮರುದಿನದ ಪಟ್ಟಿ ಓದಿದ. ಶಿಖರಕ್ಕೆ ಹೋಗುವವರು ಹನ್ನೊಂದು ಮಂದಿ. ಕ್ಯಾಂಪಿನಲ್ಲಿ ವಿಶ್ರಾಂತಿ ಪಡೆಯುವವರು ಮೂವರು: ತಲೆನೋವಿನ ಇಬ್ಬರು ಮತ್ತು ನಾನು.

ನಾನು ಸೂಪಿನ ಲೋಟ ಕೆಳಗಿಟ್ಟೆ. ನನ್ನ ಹಿಂದಿ ಹರಕು ಮುರುಕು. ಆದರೂ ಈ ಮಾತನ್ನು ಶಾಹೀನಳ ಬಾಯಿಂದ ಆಡಿಸಬಾರದು ಅನಿಸಿತು. ‘ನನಗೆ ತಲೆನೋವು ಇದೆಯಾ?’ ಎಂದು ಕೇಳಿದೆ. ಇಲ್ಲ ಎಂದ. ‘ಉಸಿರಿನ ತೊಂದರೆ?’ ಇಲ್ಲ, ಆದರೆ ನೀವು ನಿಧಾನ ಎಂದ. ‘ಹೌದು, ನಿಧಾನ. ಎಷ್ಟು ಗಂಟೆಗೆ ಅಲ್ಲಿಂದ ತಿರುಗಬೇಕು, ಆ ಟೈಮು ಹೇಳಿ.’ ಹತ್ತು ಗಂಟೆ, ಆಮೇಲೆ ಹವೆ ಕೆಡುತ್ತದೆ ಎಂದ. ‘ನೀವು ಆರಕ್ಕೆ ಹೊರಡಿ. ನಾನು ಐದಕ್ಕೆ ಹೊರಡುತ್ತೇನೆ. ಹತ್ತು ಹೊಡೆದಾಗ ಎಲ್ಲಿರುತ್ತೇನೋ ಅಲ್ಲಿಂದ ತಿರುಗುತ್ತೇನೆ. ನಾನು ಬಸ್ ಕಂಡಕ್ಟರ್, ಟೈಮಿನ ಬೆಲೆ ನನಗೆ ಗೊತ್ತು. ಆದರೆ ಹೊರಡುವ ಮೊದಲೇ ನನ್ನನ್ನು ಇಳಿಸಬೇಡಿ.’

ರೋಹನ್ ಬಲಬೀರನ ಮುಖ ನೋಡಿದ. ಬಲಬೀರ ಸೂಪು ಊದುತ್ತ, ‘ನಾನು ಇವರ ಜೊತೆ ಐದಕ್ಕೆ ಹೊರಡುತ್ತೇನೆ’ ಎಂದ.

ನಸುಕಿನಲ್ಲಿ ನಾವು ಮೂವರೂ ಬಲಬೀರನ ಹಿಂದೆ ಹೊರಟೆವು. ನೆಲದ ಮೇಲೆ ಹೆಪ್ಪುಗಟ್ಟಿದ ಮಂಜು ಗಾಜಿನ ಚೂರಿನಂತೆ ಕಾಲಡಿ ಮುರಿಯುತ್ತಿತ್ತು. ಬೆಳಕು ಹರಿದಂತೆ ಒಂದೊಂದೇ ಬೆಟ್ಟದ ನೆತ್ತಿ ಕೆಂಪಾಯಿತು. ಎಂಟು ಗಂಟೆಯ ಸುಮಾರಿಗೆ ದಿಬ್ಬವೊಂದರ ಮೇಲೆ ಶಾಹೀನ ನಿಂತುಬಿಟ್ಟಳು. ನಮ್ಮೆಲ್ಲರಿಗಿಂತ ಚುರುಕಾಗಿ ನಡೆದವಳು, ತೆಳ್ಳಗಿನವಳು, ಮಸ್ಕಿಯ ಮೆಟ್ಟಿಲನ್ನು ಆಡುಮರಿಯಂತೆ ಹತ್ತಿದವಳು. ಬಂಡೆಯ ಹಿಂದೆ ಹೋಗಿ ಎರಡು ಸಲ ವಾಂತಿ ಮಾಡಿದಳು. ತಲೆ ಒಡೆಯುತ್ತಿದೆ ಎಂದಳು. ಮಿನತಿ ಅವಳ ಕಣ್ಣು ನೋಡಿದಳು, ಗೆರೆ ಎಳೆದಂತೆ ನೇರ ನಡೆಸಿ ನೋಡಿದಳು. "ಇದು ಎತ್ತರದ ತ್ರಾಸು. ಈಗ ಇಳೀಬೇಕು, ಶಾಹೀನಾ. ಹಟ ಮಾಡಂಗಿಲ್ಲ," ಎಂದಳು.

ಅಷ್ಟರಲ್ಲಿ ಗುಂಪು ನಮ್ಮನ್ನು ಸೇರಿತು. ರೋಹನ್ ನೋಡಿ, ಬಲಬೀರನ ಜೊತೆ ಮೂವರೂ ಒಟ್ಟಿಗೆ ಇಳಿದುಬಿಡಿ ಎಂದ. ನನಗೂ ಮುಂದೆ ಹೋಗುವ ಮನಸ್ಸು ಉಳಿದಿರಲಿಲ್ಲ. ನಗಬೇಡ ಎಂದು ಕಲಿಸಿದವಳನ್ನು ಬಿಟ್ಟು ಹೋಗುವುದು ಹೇಗೆ? ಅವಳ ಚೀಲ ಎತ್ತಿಕೊಂಡೆ. ಶಾಹೀನ ಕಸಿದುಕೊಂಡಳು.

"ನಾ ಬ್ಯಾನಿ ಬಂದು ಇಳಿಯಾಕತ್ತೀನಿ. ನಿಮಗೇನಾಗೈತಿ?"

"ನಿನ್ನ ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ?"

"ಬಲಬೀರ್ ಭಾಯಿ ಅದಾರ. ಅಕ್ಕಾ, ನೀವು ನನ್ನ ಸಂಗಟ ಇಳದ್ರ, ಶಾಹೀನಾಗ ಆರಾಮಿಲ್ಲ ಅಂತ ಇಳದ್ರು ಅನ್ನಂಗಿಲ್ಲ ಯಾರೂ. ಆ ದಪ್ಪಾಕಿ ಕೈಲೆ ಆಗಲಿಲ್ಲ ಅಂತಾರ. ಹೋಗ್ರಿ."

ಅವಳ ತುಟಿ ಬಿಳಚಿಕೊಂಡಿತ್ತು, ದನಿ ಗಟ್ಟಿಯಾಗಿತ್ತು. ಬಲಬೀರ ಅವಳ ಚೀಲ ಹೊತ್ತು ಕೈ ಹಿಡಿದುಕೊಂಡ. ಅವಳು ತಿರುಗಿ ನೋಡದೆ ಇಳಿದಳು. ನಾನು ರೋಹನನಿಗೆ ನನ್ನ ಕೈಗಡಿಯಾರ ತೋರಿಸಿದೆ. ಎಂಟು ಇಪ್ಪತ್ತು. ‘ಹತ್ತು ಆಗಿಲ್ಲ’ ಎಂದೆ.

ಕೊನೆಯ ಏರು ಕಡಿದಾಗಿತ್ತು. ಅಲ್ಲಿ ನಿಲ್ದಾಣದ ಹೆಸರು ಹೇಳಲೂ ಉಸಿರು ಸಾಲಲಿಲ್ಲ. ಹತ್ತು ಹೆಜ್ಜೆ, ನಿಲ್ಲುವುದು. ಹತ್ತು ಹೆಜ್ಜೆ, ನಿಲ್ಲುವುದು. ಗಾಳಿ ಬಲವಾಗಿ ಬೀಸುತ್ತಿತ್ತು. ಮಿನತಿ ನನ್ನ ಮುಂದೆ ನಡೆಯುತ್ತ ಬಂಗಾಲಿಯಲ್ಲಿ ಏನೋ ಗೊಣಗುತ್ತಿದ್ದಳು. ಅಪ್ಪನ ಜೊತೆ ಮಾತಾಡುತ್ತಿದ್ದೆ ಎಂದು ಆಮೇಲೆ ಹೇಳಿದಳು. ಒಂದು ಕಡೆ ಕಾಲು ಜಾರಿ ಮೊಣಕಾಲಿಗೆ ಕಲ್ಲು ಬಡಿಯಿತು. ಬಿದ್ದಲ್ಲೇ ಕೂತಾಗ ಅಳು ಬಂತು. ಅಳುತ್ತಲೇ ಎದ್ದೆ. ಒಂಬತ್ತೂ ನಲವತ್ತಕ್ಕೆ ಮುಂದೆ ಏರಲು ಇನ್ನು ನೆಲ ಇರಲಿಲ್ಲ.

ಒಂದಿಷ್ಟು ಕಲ್ಲು ಪೇರಿಸಿದ ಪುಟ್ಟ ಗುಡಿ, ಒಂದು ತ್ರಿಶೂಲ, ಅಷ್ಟೇ. ಸುತ್ತಲೂ ಹಿಮದ ಪರ್ವತಗಳು, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಹುಟ್ಟಿದಂದಿನಿಂದ ಬಿಸಿಲೂರಿನಲ್ಲಿ ಬೆಳೆದವಳು ಅಷ್ಟು ದೂರದವರೆಗೆ ಅಷ್ಟು ನಿಚ್ಚಳವಾಗಿ ಎಂದೂ ನೋಡಿರಲಿಲ್ಲ. ಅಲ್ಲಿ ನನಗೆ ಏನೂ ದೊಡ್ಡ ಯೋಚನೆ ಬರಲಿಲ್ಲ. ನನ್ನ ತೊಡೆಗಳು ನಡುಗುತ್ತಿದ್ದವು. ಅವುಗಳ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೆ. ಇಷ್ಟು ವರ್ಷ ಸೀರೆ, ಯೂನಿಫಾರಮ್ಮಿನ ಕೆಳಗೆ ಬಚ್ಚಿಟ್ಟು ಬೈದುಕೊಂಡ ತೊಡೆಗಳು. ನನ್ನನ್ನು ಅಲ್ಲಿಗೆ ತಂದವು ಅವೇ.

ರೋಹನ್ ಮೊಬೈಲು ಹಿಡಿದು ಎದುರು ಬಂದ. ಆಂಟಿಜೀ, ಏನಾದರೂ ಹೇಳಿ ಎಂದ. ಖುಷಿಯಲ್ಲಿದ್ದೆ, ಕೈ ಎತ್ತಿದೆ. ಹತ್ತು ಗಂಟೆಗೆ ಇಳಿಯಲು ಶುರು ಮಾಡಿದೆವು. ಕ್ಯಾಂಪಿನಲ್ಲಿ ಶಾಹೀನ ಬಿಸಿಲಿಗೆ ಕೂತು ಚಹಾ ಕುಡಿಯುತ್ತಿದ್ದಳು, ಇಳಿದ ಕೂಡಲೇ ತಲೆನೋವು ಹೋಗಿತ್ತಂತೆ. ಎದ್ದು ನನ್ನನ್ನು ತಬ್ಬಿಕೊಂಡಳು. ಆಮೇಲೆ ಡೇರೆಯ ಕಡೆ ಮುಖ ತಿರುಗಿಸಿ ಕೂತಳು. ಅವಳು ಅತ್ತದ್ದನ್ನು ನಾನು ನೋಡಿದೆ. ನೋಡಿಲ್ಲವೆಂಬಂತೆ ಇದ್ದೆ.

ವಾಪಸು ಬರುವ ರೈಲಿನಲ್ಲಿ ನಾಗಪುರದ ಹತ್ತಿರ ವೀರೇಶನ ಫೋನು ಬಂತು. "ನಿನ್ನ ವಿಡಿಯೋ ಊರೆಲ್ಲ ಹರದಾಡಾಕತ್ತೈತಿ," ಎಂದ. ದನಿಯಲ್ಲಿ ಹೆಮ್ಮೆ ಇತ್ತು. ರೋಹನ್ ಹಾಕಿದ್ದ ಅದನ್ನು ಮಿನತಿಯ ಮೊಬೈಲಿನಲ್ಲಿ ನೋಡಿದೆವು. ನಾನು ಬಿದ್ದು ಏಳುವುದು, ಬಾಯಿ ತೆರೆದು ಉಸಿರಾಡುವುದು, ಹಿಂದಿನಿಂದ ತೆಗೆದ ನನ್ನ ನಡಿಗೆ, ಕೊನೆಗೆ ಕೈ ಎತ್ತುವುದು. ಹಿಂದೆ ಸಂಗೀತ. ಮೇಲೆ ದೊಡ್ಡ ಅಕ್ಷರ: ಈ ಆಂಟಿಯೇ ಹತ್ತಿದರೆ ನಿಮಗೇನು ನೆಪ?

ಬೇವಿನ ಮರದ ಕೆಳಗಿನ ನಗೆಗಿಂತ ಇದು ಹೆಚ್ಚು ನೋಯಿಸಿತು. ಆ ನಗೆಗೆ ಎದುರು ನಿಲ್ಲುವುದನ್ನು ಕಲಿತಿದ್ದೆ. ಇದು ಹೊಗಳಿಕೆಯ ವೇಷದಲ್ಲಿತ್ತು. ರೋಹನನಿಗೆ ಫೋನು ಮಾಡಿ, ತೆಗೆದುಹಾಕು ಎಂದೆ. ಎಷ್ಟೊಂದು ಜನಕ್ಕೆ ಸ್ಫೂರ್ತಿ ಸಿಗುತ್ತಿದೆ ಆಂಟಿಜೀ ಎಂದ. ‘ನಾನು ಹತ್ತಿದ್ದು ನನಗಾಗಿ. ತೆಗಿ’ ಎಂದೆ. ಎರಡು ದಿನದ ಮೇಲೆ ತೆಗೆದ. ಅಷ್ಟರಲ್ಲಿ ಅದು ಎಲ್ಲರ ಮೊಬೈಲಿನಲ್ಲಿತ್ತು.

ಶಾಹೀನ ಅರ್ಧಕ್ಕೆ ಇಳಿದದ್ದೂ ಊರಿಗೆ ಗೊತ್ತಾಯಿತು. ‘ಪಾಪ, ಹವಾ ಹತ್ತಲಿಲ್ಲ’ ಎಂದರು. ಯಾರೂ ಅವಳ ಮೈ ಕಡೆ ಬೆರಳು ತೋರಿಸಲಿಲ್ಲ.

ಡಿಸೆಂಬರಿನಲ್ಲಿ ಸಿಂಧನೂರಿನ ಒಂದು ಸಂಘದವರು ನನಗೆ ಸನ್ಮಾನ ಎಂದರು. ವೇದಿಕೆಯ ಮೇಲೆ ನಮ್ಮ ಮೂವರಿಗೂ ಕುರ್ಚಿ ಹಾಕಿದರೆ ಬರುತ್ತೇನೆ ಎಂದೆ. ಹಾಕಿದರು. ಶಾಲು, ಹಣ್ಣಿನ ಬುಟ್ಟಿ, ಗಾಜು ಹಾಕಿದ ಸನ್ಮಾನ ಪತ್ರ. ಕಾರ್ಯದರ್ಶಿ ಅದನ್ನು ಎದೆಯುಬ್ಬಿಸಿ ಓದಿದರು: "ಸ್ಥೂಲಕಾಯರಾಗಿದ್ದರೂ ಛಲ ಬಿಡದೆ ಹಿಮಾಲಯದ ಶಿಖರವನ್ನೇರಿ..."

ಚಪ್ಪಾಳೆ ಬಿತ್ತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ನಾನು ಧನ್ಯವಾದ ಬರೆದುಕೊಂಡು ಬಂದಿದ್ದೆ. ಚೀಟಿ ಮಡಿಸಿದೆ.

"ಇದರಾಗ ‘ಆಗಿದ್ದರೂ’ ಅಂತ ಒಂದು ಮಾತು ಬರದೀರಿ. ಅದೊಂದು ತೆಗೀರಿ. ನಾ ದಪ್ಪ ಅದೀನಿ. ನಾ ಆ ಪರ್ವತ ಹತ್ತೀನಿ. ಎರಡೂ ಖರೆ. ಎರಡರ ನಡುವ ‘ಆದರೂ’ ಬ್ಯಾಡ. ಇಲ್ಲಿ ಕುಂತ ಶಾಹೀನ ತೆಳ್ಳಗ ಅದಾಳ, ಆಕಿಗೆ ಆ ದಿನ ಆಗಲಿಲ್ಲ. ತೆಳ್ಳಗಿದ್ದರೂ ಹತ್ತಲಿಲ್ಲ ಅಂತ ಆಕಿಗೆ ಯಾರಾದ್ರೂ ಅಂದೀರೇನು?"

ಅಧ್ಯಕ್ಷರು ಮುಖ ಸಣ್ಣದು ಮಾಡಿಕೊಂಡು, "ಮೆಚ್ಚಿ ಬರದದ್ದಮ್ಮ ಅದು," ಎಂದರು.

"ಗೊತ್ತೈತ್ರಿ. ಮೆಚ್ಚೀರಿ ಅಂತನ ನಿಮಗ ಹೇಳಾಕತ್ತೀನಿ. ತಿದ್ದಿ ಕೊಡ್ರಿ, ಒಯ್ಯತೀನಿ."

ಪತ್ರವನ್ನು ಮೇಜಿನ ಮೇಲೆ ಬಿಟ್ಟು ಇಳಿದೆ. ಮೂರನೇ ಸಾಲಿನಲ್ಲಿ ಕೂತಿದ್ದ ವೀರೇಶನನ್ನು ಪಕ್ಕದವರು, "ನಿನ್ನ ಹೆಣ್ತಿ ಹಿಂಗ್ಯಾಕ ಮಾಡಿದ್ಲಪ?" ಎಂದು ಕೇಳುವುದು ನನ್ನ ಕಿವಿಗೂ ಬಿತ್ತು. ಅವನು ಎದ್ದು ನನ್ನ ಕೈಯಿಂದ ಹಣ್ಣಿನ ಬುಟ್ಟಿ ತೆಗೆದುಕೊಂಡು, "ತಪ್ಪ ಬರದಿದ್ರು, ತೋರಿಸ್ಯಾಳ," ಎಂದ.

ತಿದ್ದಿದ ಪತ್ರ ಇವತ್ತಿಗೂ ಬಂದಿಲ್ಲ. ಶಾಲನ್ನು ಮಾತ್ರ ನಾನು ಮರಳಿಸಲಿಲ್ಲ, ಒಳ್ಳೆಯ ಉಣ್ಣೆಯದು. ಮರುವರ್ಷ ದಸರೆ ಮುಗಿಸಿ ನಾವು ಮೂವರೂ ಅದೇ ಪರ್ವತಕ್ಕೆ ಹೋದೆವು. ಈ ಸಲ ಕೆಳಗಿನ ಕ್ಯಾಂಪಿನಲ್ಲಿ ಒಂದು ದಿನ ಹೆಚ್ಚು ಉಳಿದು ಹವೆಗೆ ಹೊಂದಿಕೊಂಡೆವು, ಬಲಬೀರನೊಬ್ಬನನ್ನೇ ಕರೆದುಕೊಂಡು ನಮ್ಮ ಹೆಜ್ಜೆಗೆ ನಾವು ನಡೆದೆವು. ಶಾಹೀನ ಆ ಶಾಲನ್ನು ತಲೆಗೆ, ಕಿವಿಗೆ ಸುತ್ತಿಕೊಂಡು ನನ್ನ ಮುಂದೆ ಹತ್ತಿದಳು. ತುದಿ ಮುಟ್ಟಿ, ಸುತ್ತಲಿನ ಹಿಮವನ್ನೆಲ್ಲ ಒಮ್ಮೆ ನೋಡಿ, "ವರ್ಷ ತಡ ಆತು, ಅಷ್ಟ," ಎಂದಳು. ನಮ್ಮಲ್ಲಿ ಯಾರೂ ಮೊಬೈಲು ಹೊರಗೆ ತೆಗೆಯಲಿಲ್ಲ.